ಕೂಲಿ, ವಲಸೆ ಮತ್ತು ಒಂದನೇ ತರಗತಿ: ಹಾಸನ–ಚಿಕ್ಕಮಗಳೂರಿನಲ್ಲಿ ಶಾಲಾ ದಾಖಲಾತಿ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಮನೆಯ ಹಣಕಾಸಿನ ಪರಿಸ್ಥಿತಿಗೂ ಮಗು ಶಾಲೆಗೆ ಸೇರುವುದಕ್ಕೂ ಏನು ಸಂಬಂಧ, ಎಲ್ಲಿ ತೊಡಕಾಗುತ್ತದೆ, ತೊಡಕಾದಾಗ ಯಾರ ಹತ್ತಿರ ಹೋಗಬೇಕು ಎಂಬುದನ್ನು ಇಲ್ಲಿ ಬರೆದಿದ್ದೇವೆ. ಕೂಲಿ ಮಾಡುವ ತಂದೆತಾಯಂದಿರು, ಅವರ ಪರವಾಗಿ ಓಡಾಡುವ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸದಸ್ಯರು, ಅಂಗನವಾಡಿ ಕಾರ್ಯಕರ್ತೆಯರು, ತೋಟದ ರೈಟರುಗಳು (ಆಳಿನ ಲೆಕ್ಕ ಬರೆಯುವವರು) ಇವರನ್ನು ಮನಸ್ಸಿನಲ್ಲಿ ಇಟ್ಟುಕೊಂಡು ಬರೆದದ್ದು.

ಸರ್ಕಾರಿ ಶಾಲೆಯಲ್ಲಿ ಫೀಸೇ ಇಲ್ಲ. ಪುಸ್ತಕ, ಊಟ ಎಲ್ಲ ಕೊಡ್ತಾರೆ. ಹಾಗಿದ್ದ ಮೇಲೆ ಬಡತನ ಹೇಗೆ ಅಡ್ಡ ಬರುತ್ತೆ?

ಫೀಸು ಅಡ್ಡ ಬರುವುದಿಲ್ಲ ಎಂಬುದು ನಿಜ. ಅಡ್ಡ ಬರುವುದು ಹೊತ್ತು.

ಮೂಡಿಗೆರೆ ಕಡೆಯ ಒಂದು ಲೈನ್ ಮನೆಯ (ತೋಟದ ಆಳುಗಳ ಸಾಲುಮನೆ) ಬೆಳಗನ್ನು ನೋಡಿ. ತೋಟದಲ್ಲಿ ಹಾಜರಿ ಕೂಗುವುದು ಎಂಟು ಗಂಟೆಗೆ. ಅಮ್ಮ ಏಳೂಮುಕ್ಕಾಲಿಗೇ ಬುತ್ತಿ ಕಟ್ಟಿಕೊಂಡು ಹೊರಡಬೇಕು. ಶಾಲೆಯ ಗಂಟೆ ಹೊಡೆಯುವ ಹೊತ್ತಿಗೆ ಅವಳು ಗುಡ್ಡದ ಆ ಕಡೆ ಪಟ್ಟೆಯಲ್ಲಿ ಇರುತ್ತಾಳೆ. ನಡುವಿನ ಒಂದೂವರೆ ಎರಡು ಗಂಟೆ ಆರು ವರ್ಷದ ಮಗುವಿಗೆ ತಲೆ ಬಾಚುವವರಿಲ್ಲ, ಶಾಲೆಯ ದಾರಿಗೆ ಬಿಡುವವರಿಲ್ಲ. ಮನೆಯಲ್ಲಿ ಒಂದು ವರ್ಷದ ಕೂಸಿದ್ದರೆ ಅದನ್ನು ಎತ್ತಿಕೊಂಡು ಕೂರುವವಳು ಆ ಆರು ವರ್ಷದವಳೇ. ಅಮ್ಮ ಅರ್ಧ ದಿನ ರಜೆ ಹಾಕಿ ಶಾಲೆಗೆ ಹೋಗಿ ಹೆಸರು ಬರೆಸಿ ಬರಬಹುದಲ್ಲ ಎಂದರೆ, ಅರ್ಧ ದಿನದ ಕೂಲಿ ಹೋಗುತ್ತದೆ. ಹೋದ ದಿನ ಮುಖ್ಯೋಪಾಧ್ಯಾಯರು ಮೀಟಿಂಗಿಗೆ ಹೋಗಿದ್ದರೆ ಮತ್ತೊಂದು ಅರ್ಧ ದಿನ. ಜನನ ಪ್ರಮಾಣಪತ್ರ ತನ್ನಿ ಎಂದರೆ ನಾಡಕಚೇರಿಗೆ ಇನ್ನೊಂದು ದಿನ. ಸಂಬಳದವರ ಮನೆಯಲ್ಲಿ ಇದೇ ಕೆಲಸಕ್ಕೆ ಒಂದು ಬೆಳಗ್ಗೆ ಸಾಕು, ದುಡ್ಡೂ ಹೋಗುವುದಿಲ್ಲ. ದಿನಗೂಲಿ ಮನೆಗೆ ಅದು ಎರಡು ದಿನದ ದುಡಿಮೆ.

ಎರಡನೆಯದು ಹಂಗಾಮು. ಅರೇಬಿಕಾ ಹಣ್ಣು ಸುಮಾರಾಗಿ ನವೆಂಬರಿನಿಂದ ಜನವರಿವರೆಗೆ ಬಿಡಿಸುತ್ತಾರೆ, ರೊಬಸ್ಟಾ ಜನವರಿಯಿಂದ ಮಾರ್ಚಿವರೆಗೆ. ಶಾಲೆಯ ವರ್ಷ ಮೇ ಕೊನೆಗೆ ಶುರುವಾಗಿ ಏಪ್ರಿಲ್ ಮೊದಲ ಭಾಗಕ್ಕೆ ಮುಗಿಯುತ್ತದೆ. ಅಂದರೆ ಕುಟುಂಬ ಜಾಗ ಬದಲಿಸುವುದೂ, ತರಗತಿಯಲ್ಲಿ ಓದು ಬಿರುಸಾಗುವುದೂ ಒಂದೇ ಕಾಲದಲ್ಲಿ. ಕಿಲೋ ಲೆಕ್ಕದಲ್ಲಿ ಕೂಲಿ ಕೊಡುವ ತೋಟವಾದರೆ ಇನ್ನೂ ಕಷ್ಟ. ಗಿಡದ ಬುಡದಲ್ಲಿ ಉದುರಿದ ಹಣ್ಣನ್ನು ಆರಿಸಲು ಪುಟ್ಟ ಕೈಗಳೇ ಚುರುಕು, ಸಂಜೆ ತೂಕಕ್ಕೆ ಇಡುವಾಗ ಅದೂ ಚೀಲಕ್ಕೆ ಸೇರುತ್ತದೆ. ತೂಕದ ಪುಸ್ತಕದಲ್ಲಿ ಹೆಸರು ಅಪ್ಪನದು, ಮಗುವಿನ ದುಡಿಮೆ ಎಲ್ಲೂ ದಾಖಲಾಗುವುದಿಲ್ಲ.

ನಮ್ಮ ಜಿಲ್ಲೆಗಳಲ್ಲಿ ಶಾಲೆಗೆ ಸೇರದ ಮಕ್ಕಳು ಈಗಲೂ ಇದ್ದಾರಾ?

ಹೆಸರೇ ಬರೆಸದವರು ಕಡಿಮೆ. ಹೆಸರು ಇದ್ದು ಬಾರದವರು ಅವರಿಗಿಂತ ಹೆಚ್ಚು, ಅವರು ಸುಲಭಕ್ಕೆ ಕಣ್ಣಿಗೂ ಬೀಳುವುದಿಲ್ಲ. ಜೂನಿನ ದಾಖಲಾತಿ ಆಂದೋಲನದಲ್ಲಿ ಮನೆಮನೆಗೆ ಹೋಗಿ ಹೆಸರು ಹಚ್ಚುತ್ತಾರೆ, ಡಿಸೆಂಬರಿನಲ್ಲಿ ಅದೇ ಮಗು ಎಲ್ಲಿದೆ ಎಂದು ನೋಡುವವರು ಕಡಿಮೆ. ಕರ್ನಾಟಕದಲ್ಲಿ ಕಾರಣ ತಿಳಿಸದೆ ಸತತ ಏಳು ದಿನ ಗೈರಾದ ಮಗುವನ್ನು ಶಾಲೆಯಿಂದ ಹೊರಗುಳಿದ ಮಗು ಎಂದೇ ನೋಡಬೇಕು, ಶಾಲೆಯವರು ಮನೆಗೆ ಹೋಗಿ ವಿಚಾರಿಸಬೇಕು. ಇದು ಕಾಗದದ ಮೇಲೆ ಉಳಿಯದಂತೆ ನೋಡಿಕೊಳ್ಳುವುದು ಎಸ್‌ಡಿಎಂಸಿ ಕೈಯಲ್ಲಿದೆ. ಪ್ರತಿ ಸಭೆಯಲ್ಲೂ ಹಾಜರಿ ಪುಸ್ತಕ ತರಿಸಿ, ಸತತ ಏಳು ಅಥವಾ ಹೆಚ್ಚು ‘ಗೈ’ ಬಿದ್ದ ಹೆಸರುಗಳನ್ನು ಓದಿಸಿ. ಹತ್ತು ನಿಮಿಷದ ಕೆಲಸ.

2011ರ ಜನಗಣತಿಯಲ್ಲಿ ಸಾಕ್ಷರತೆ ಹಾಸನ ಜಿಲ್ಲೆಯಲ್ಲಿ ಶೇ. 76.07, ಚಿಕ್ಕಮಗಳೂರಿನಲ್ಲಿ ಶೇ. 79.25. ಜಿಲ್ಲೆಯ ಸರಾಸರಿ ನೋಡಿ ಸಮಾಧಾನಪಡುವಂತಿಲ್ಲ. ಸರಾಸರಿಯೊಳಗೆ ಪೇಟೆಯ ಬಡಾವಣೆಯೂ ಇದೆ, ತಾಂಡಾವೂ ಇದೆ, ಲೈನ್ ಮನೆಯೂ ಇದೆ, ಶುಂಠಿ ಹೊಲದ ಪಕ್ಕದ ಟಾರ್ಪಾಲ್ ಜೋಪಡಿಯೂ ಇದೆ.

ಒಂದನೇ ತರಗತಿಗೆ ಎಷ್ಟು ವಯಸ್ಸಾಗಿರಬೇಕು?

ಆ ವರ್ಷದ ಜೂನ್ 1ಕ್ಕೆ 6 ವರ್ಷ ತುಂಬಿರಬೇಕು ಎಂಬುದು ನಿಯಮ. 2025-26ನೇ ಸಾಲಿಗೆ ಮಾತ್ರ ಎಂದು 5 ವರ್ಷ 5 ತಿಂಗಳಿಗೆ ಸಡಿಲಿಸಿದ್ದರು. ಸೇರಿಸುವ ವರ್ಷದ ಸುತ್ತೋಲೆ ಏನು ಹೇಳುತ್ತದೆ ಎಂದು ಮುಖ್ಯೋಪಾಧ್ಯಾಯರನ್ನು ಒಮ್ಮೆ ಕೇಳಿ. 6 ತುಂಬದ ಮಗುವನ್ನು ಅಂಗನವಾಡಿಯಲ್ಲಿ ಅಥವಾ ಎಲ್‌ಕೆಜಿ, ಯುಕೆಜಿ ಇರುವ ಸರ್ಕಾರಿ ಶಾಲೆಯಲ್ಲಿ ಬಿಡಿ, ಮನೆಯಲ್ಲಿ ಉಳಿಸಿಕೊಳ್ಳಬೇಡಿ. ವಯಸ್ಸಿನ ಕಾರಣಕ್ಕೆ ಒಂದು ವರ್ಷ ಮನೆಯಲ್ಲಿ ಉಳಿದ ಮಗು ಮುಂದಿನ ವರ್ಷ ತಮ್ಮನನ್ನೋ ತಂಗಿಯನ್ನೋ ನೋಡಿಕೊಳ್ಳುವ ಆಳಾಗಿಬಿಟ್ಟಿರುತ್ತದೆ, ಆಮೇಲೆ ಬಿಡಿಸುವುದು ಕಷ್ಟ.

ಏನೇನು ಕಾಗದ ಬೇಕು? ನಮ್ಮ ಹತ್ತಿರ ಜನನ ಪ್ರಮಾಣಪತ್ರ ಇಲ್ಲ.

ಇದ್ದರೆ ಒಳ್ಳೆಯದು: ಜನನ ಪ್ರಮಾಣಪತ್ರ, ಮಗುವಿನದೂ ತಂದೆತಾಯಿಯದೂ ಆಧಾರ್ ಪ್ರತಿ, ಜಾತಿ ಮತ್ತು ಆದಾಯ ಪ್ರಮಾಣಪತ್ರ, ಮಗುವಿನ ಎರಡು ಫೋಟೋ.

ಇಲ್ಲದಿದ್ದರೆ? ಯಾವುದೂ ಇಲ್ಲದಿದ್ದರೂ ಮಗುವನ್ನು ಸೇರಿಸಿಕೊಳ್ಳಲೇಬೇಕು. 2009ರ ಶಿಕ್ಷಣ ಹಕ್ಕು ಕಾಯ್ದೆಯ 14ನೇ ಕಲಂ ನೇರವಾಗಿ ಹೇಳುತ್ತದೆ: ವಯಸ್ಸಿನ ದಾಖಲೆ ಇಲ್ಲ ಎಂಬ ಕಾರಣಕ್ಕೆ ಯಾವ ಮಗುವಿಗೂ ಪ್ರವೇಶ ನಿರಾಕರಿಸುವಂತಿಲ್ಲ. ಆಸ್ಪತ್ರೆಯ ಚೀಟಿ, ತಾಯಿ ಕಾರ್ಡ್, ಅಂಗನವಾಡಿ ದಾಖಲೆ ಇವುಗಳಲ್ಲಿ ಒಂದಿದ್ದರೆ ತೋರಿಸಿ. ಏನೂ ಇಲ್ಲವೆಂದರೆ ಪೋಷಕರೇ ವಯಸ್ಸು ಘೋಷಿಸಿ ಸಹಿ ಇಲ್ಲವೇ ಹೆಬ್ಬೆಟ್ಟು ಹಾಕಿದರೆ ಸಾಕು.

ಇಲ್ಲಿ ಒಂದು ತಪ್ಪು ತುಂಬ ನಡೆಯುತ್ತದೆ, ಎಚ್ಚರ ಇರಲಿ. ದಿನಾಂಕ ಗೊತ್ತಿಲ್ಲ ಎಂದಾಗ ದಾಖಲಾತಿ ಪುಸ್ತಕದಲ್ಲಿ ‘ಜೂನ್ 1’ ಎಂದು ಬರೆದುಬಿಡುತ್ತಾರೆ. ಆ ಹೊತ್ತಿಗೆ ಎಲ್ಲರಿಗೂ ಅನುಕೂಲ. ನಾಲ್ಕು ವರ್ಷ ಬಿಟ್ಟು ಆಧಾರ್‌ನಲ್ಲಿ ಒಂದು ದಿನಾಂಕ, ಶಾಲೆಯಲ್ಲಿ ಇನ್ನೊಂದು ಎಂದು ಗೊತ್ತಾಗುತ್ತದೆ. ವಿದ್ಯಾರ್ಥಿವೇತನದ ಅರ್ಜಿ ವಾಪಸ್ ಬರುತ್ತದೆ. ದಾಖಲಾತಿ ಪುಸ್ತಕದ ಜನ್ಮದಿನಾಂಕ ತಿದ್ದಿಸುವುದು ಸುಲಭದ ಕೆಲಸ ಅಲ್ಲ. ಆದ್ದರಿಂದ ಹೆಸರು ಬರೆಸುವ ದಿನವೇ ಪುಸ್ತಕ ನಿಮ್ಮ ಕಡೆ ತಿರುಗಿಸಿ, ಮಗುವಿನ ಹೆಸರು, ಇನಿಷಿಯಲ್, ತಂದೆ ಹೆಸರು, ತಾಯಿ ಹೆಸರು, ದಿನಾಂಕ, ಜಾತಿ ಈ ಆರನ್ನು ಓದಿಸಿಕೊಂಡು ಆಮೇಲೆ ಸಹಿ ಹಾಕಿ. ಓದು ಬಾರದಿದ್ದರೆ ಗಟ್ಟಿಯಾಗಿ ಓದಿ ಹೇಳಿ ಎಂದು ಕೇಳುವುದು ನಿಮ್ಮ ಹಕ್ಕು.

ಜನನ ಪ್ರಮಾಣಪತ್ರವನ್ನು ಆಮೇಲಾದರೂ ಮಾಡಿಸಿ. ಹುಟ್ಟಿದ 21 ದಿನದೊಳಗೆ ನೋಂದಾಯಿಸಿದರೆ ಖರ್ಚಿಲ್ಲ. 30 ದಿನದವರೆಗೆ ತಡದ ಶುಲ್ಕ, ಒಂದು ವರ್ಷದವರೆಗೆ ಅಧಿಕಾರಿಯ ಲಿಖಿತ ಅನುಮತಿ, ವರ್ಷ ದಾಟಿದರೆ ಮ್ಯಾಜಿಸ್ಟ್ರೇಟ್ ಹಂತದ ಆದೇಶ ಬೇಕಾಗುತ್ತದೆ. ಮಗು ಎಲ್ಲಿ ಹುಟ್ಟಿತೋ ಅಲ್ಲಿಯೇ ನೋಂದಣಿ ಆಗುವುದು. ಹೆರಿಗೆ ಹಾಸನದ ಆಸ್ಪತ್ರೆಯಲ್ಲಿ ಆಗಿ ನೀವು ಆಲೂರಿನಲ್ಲಿ ಇದ್ದರೆ, ಆಲೂರಿನಲ್ಲಿ ಹುಡುಕಿದರೆ ಸಿಗುವುದಿಲ್ಲ. ಇನ್ನೊಂದು ಮಾತು: 2023ರ ಅಕ್ಟೋಬರ್ 1 ಮತ್ತು ಆಮೇಲೆ ಹುಟ್ಟಿದ ಮಕ್ಕಳಿಗೆ ತಿದ್ದುಪಡಿಯಾದ ಕಾನೂನಿನಂತೆ ಜನ್ಮದಿನಾಂಕಕ್ಕೆ ಜನನ ಪ್ರಮಾಣಪತ್ರವೇ ಮುಖ್ಯ ದಾಖಲೆ. ಈಗ ಅಂಗನವಾಡಿಗೆ ಬರುವ ವಯಸ್ಸಿನ ಮಕ್ಕಳು ಇವರೇ. ಅಂಗನವಾಡಿ ಕಾರ್ಯಕರ್ತೆಯರು ಈಗಲೇ ಪಟ್ಟಿ ಮಾಡಿ, ಇಲ್ಲದವರಿಗೆ ಅರ್ಜಿ ಹಾಕಿಸಿದರೆ ಒಂದನೇ ತರಗತಿಯ ಬಾಗಿಲಲ್ಲಿ ಅಳುವುದು ತಪ್ಪುತ್ತದೆ.

ಆಧಾರ್ ಇಲ್ಲದಿದ್ದರೆ ಸೇರಿಸಿಕೊಳ್ಳಲ್ಲ ಅಂತಾರೆ.

ಹಾಗೆ ಹೇಳುವಂತಿಲ್ಲ. ಶಾಲಾ ಪ್ರವೇಶಕ್ಕೆ ಆಧಾರ್ ಕಡ್ಡಾಯವಲ್ಲ ಎಂದು ಸುಪ್ರೀಂ ಕೋರ್ಟ್ 2018ರ ಸೆಪ್ಟೆಂಬರಿನಲ್ಲಿ ತೀರ್ಪು ಕೊಟ್ಟಿದೆ. ಮೊದಲು ಹೆಸರು, ಆಮೇಲೆ ಆಧಾರ್.

ಸರ್ಕಾರಿ ಶಾಲೆಯಲ್ಲಿ ಏನೇನು ಉಚಿತ? ಕೈಯಿಂದ ಎಷ್ಟು ಹಾಕಬೇಕಾಗುತ್ತೆ?

ಒಂದರಿಂದ ಎಂಟನೇ ತರಗತಿವರೆಗೆ ಬೋಧನಾ ಶುಲ್ಕ ಇಲ್ಲ. ಪಠ್ಯಪುಸ್ತಕ, ಎರಡು ಜೊತೆ ಸಮವಸ್ತ್ರ, ಒಂದು ಜೊತೆ ಶೂ, ಎರಡು ಜೊತೆ ಕಾಲುಚೀಲ ಸರ್ಕಾರದಿಂದ. ಮಧ್ಯಾಹ್ನದ ಬಿಸಿಯೂಟಕ್ಕೆ ಒಂದರಿಂದ ಐದನೇ ತರಗತಿಯ ಮಗುವಿಗೆ ದಿನಕ್ಕೆ 100 ಗ್ರಾಂ ಧಾನ್ಯ, ಆರರಿಂದ ಎಂಟರವರಿಗೆ 150 ಗ್ರಾಂ ಲೆಕ್ಕ. ಬೆಳಗ್ಗೆ ಕ್ಷೀರಭಾಗ್ಯದ 150 ಮಿಲಿ ಹಾಲು. ಈ ಯೋಜನೆ 2013ರ ಆಗಸ್ಟಿನಲ್ಲಿ ಶುರುವಾದದ್ದು. ಜೊತೆಗೆ ಮೊಟ್ಟೆ, ಮೊಟ್ಟೆ ತಿನ್ನದವರಿಗೆ ಬಾಳೆಹಣ್ಣು. ದಿನಗೂಲಿ ಮನೆಯಲ್ಲಿ ಈ ಹಾಲು, ಊಟ, ಮೊಟ್ಟೆಯ ಬೆಲೆ ಸಣ್ಣದಲ್ಲ. ಬೆಳಗ್ಗೆ ಬರಿ ಚಹಾ ಕುಡಿದು ಬಂದ ಮಗು ಹತ್ತೂವರೆಗೆ ಹಾಲು ಕುಡಿದ ಮೇಲೆ ಸ್ಲೇಟು ಹಿಡಿಯುವ ರೀತಿಯೇ ಬೇರೆ.

ಕೈಯಿಂದ ಹಾಕಬೇಕಾದದ್ದು: ನೋಟ್ ಪುಸ್ತಕ, ಪೆನ್ಸಿಲ್, ಚೀಲ, ಕೊಡೆ ಅಥವಾ ರೈನ್‌ಕೋಟ್. ಕೊನೆಯದನ್ನು ಲಘುವಾಗಿ ನೋಡಬೇಡಿ. ಶೃಂಗೇರಿ, ಕೊಪ್ಪ, ಕಳಸ, ಸಕಲೇಶಪುರದ ಜೂನ್, ಜುಲೈ ಮಳೆಯಲ್ಲಿ ಒಂದೇ ಜೊತೆ ಬಟ್ಟೆ ಇರುವ ಮಗು ಒಂದು ದಿನ ಬಂದರೆ ಎರಡು ದಿನ ಬರುವುದಿಲ್ಲ. ಬಟ್ಟೆ ಒಲೆಯ ಮೇಲೆ ಒಣಗುತ್ತಿರುತ್ತದೆ. ಎರಡನೇ ಜೊತೆ ಸಮವಸ್ತ್ರ ತಡವಾಗಿ ಬಂದಷ್ಟೂ ಈ ಗೈರು ಹೆಚ್ಚು. ದಾನಿಗಳು ಏನು ಕೊಡಲಿ ಎಂದು ಕೇಳಿದರೆ ಸ್ಕೂಲ್ ಬ್ಯಾಗ್ ಬೇಡ, ಮೇ ತಿಂಗಳಲ್ಲೇ ರೈನ್‌ಕೋಟ್ ಕೊಡಿ ಎನ್ನಿ. ಸಮವಸ್ತ್ರ ಹಾಕಿಲ್ಲ ಎಂದು ಯಾವ ಮಗುವನ್ನೂ ವಾಪಸ್ ಕಳಿಸುವಂತಿಲ್ಲ. ‘ದೇಣಿಗೆ’ ಎಂದು ಹಣ ಕೇಳಿದರೆ ಕೊಡುವುದು ಬಿಡುವುದು ನಿಮ್ಮ ಇಷ್ಟ, ಕೊಡದಿದ್ದರೆ ಹೆಸರು ಬರೆಯುವುದಿಲ್ಲ ಎಂಬುದು ಕಾನೂನಿಗೆ ವಿರುದ್ಧ.

ಕಾಫಿ ಕುಯ್ಲಿಗೆ ಬಂದಿದ್ದೇವೆ. ಜನವರಿಯಲ್ಲಿ ಮಗುವನ್ನು ಇಲ್ಲಿನ ಶಾಲೆಗೆ ಸೇರಿಸಬಹುದಾ?

ಸೇರಿಸಬಹುದು. ವರ್ಷದ ಯಾವ ತಿಂಗಳಲ್ಲಿ ಬಂದರೂ ಸರ್ಕಾರಿ ಶಾಲೆ ಬಾಗಿಲು ತೆರೆದಿರಬೇಕು. ಟಿಸಿ ಇಲ್ಲ ಎಂಬುದೂ ಕಾರಣವಾಗದು. ಟಿಸಿ ತಡವಾದರೆ ಅದಕ್ಕಾಗಿ ಪ್ರವೇಶ ತಡೆಯಬಾರದು ಎಂದು ಕಾಯ್ದೆಯ 5ನೇ ಕಲಂ ಹೇಳುತ್ತದೆ.

ಈಗ ನಮ್ಮ ಎರಡು ಜಿಲ್ಲೆಗಳ ವಿಶೇಷಕ್ಕೆ ಬರೋಣ. ವಲಸೆ ಎಂದರೆ ದೂರದ ರಾಜ್ಯದವರು ಮಾತ್ರ ಎಂದುಕೊಳ್ಳುತ್ತಾರೆ. ಕಡೂರು, ತರೀಕೆರೆ, ಅರಸೀಕೆರೆ ಬಯಲಿನ ತಾಂಡಾಗಳಿಂದಲೂ ಮಲೆನಾಡಿನ ತೋಟಗಳಿಗೆ ಕುಟುಂಬ ಸಮೇತ ಬರುತ್ತಾರೆ. ಮಗುವಿನ ಹೆಸರು ಕಡೂರು ತಾಲ್ಲೂಕಿನ ಶಾಲೆಯಲ್ಲಿ, ಮಗು ಮೂಡಿಗೆರೆಯಲ್ಲಿ. ಎರಡೂ ಒಂದೇ ಜಿಲ್ಲೆ, ಶಿಕ್ಷಣ ಇಲಾಖೆಯ ಒಂದೇ ಉಪನಿರ್ದೇಶಕರ ಕಚೇರಿ. ಹಾಗಿದ್ದೂ ಆ ಶಾಲೆಗೆ ಮಗು ಎಲ್ಲಿಗೆ ಹೋಯಿತೆಂದು ತಿಳಿಯದು, ಈ ಶಾಲೆಗೆ ಮಗು ಬಂದಿದೆ ಎಂದೇ ತಿಳಿಯದು. ಅಸ್ಸಾಮಿನ ಮಗುವಿನ ಬಗ್ಗೆ ಸಭೆಯಲ್ಲಿ ಮಾತಾದರೂ ಆಗುತ್ತದೆ. ನಲವತ್ತು ಮೈಲಿ ಆಚೆಯ ಮಗು ಲೆಕ್ಕಕ್ಕೇ ಬರುವುದಿಲ್ಲ.

ಮೂರು ತಿಂಗಳಿಗೆಂದು ಬಂದವರು ಟಿಸಿ ತೆಗೆಸಿಕೊಳ್ಳುವ ಗೋಜಿಗೆ ಹೋಗಬೇಡಿ. ಏಪ್ರಿಲ್‌ನಲ್ಲಿ ವಾಪಸ್ ಹೋದಾಗ ಮತ್ತೆ ಅದೇ ಅಲೆದಾಟ. ಊರು ಬಿಡುವ ಮೊದಲು ಮುಖ್ಯೋಪಾಧ್ಯಾಯರಿಂದ ಒಂದು ಪತ್ರ ಬರೆಸಿಕೊಳ್ಳಿ: ಮಗುವಿನ ಹೆಸರು, ತರಗತಿ, ಸ್ಯಾಟ್ಸ್ ಸಂಖ್ಯೆ (ಶಿಕ್ಷಣ ಇಲಾಖೆಯ ಆನ್‌ಲೈನ್ ದಾಖಲೆಯಲ್ಲಿ ಮಗುವಿನ ಸಂಖ್ಯೆ), ಎಲ್ಲಿಯವರೆಗೆ ಕಲಿತಿದೆ, ಶಾಲೆಯ ಫೋನ್ ನಂಬರ್. ಪಠ್ಯಪುಸ್ತಕ ಜೊತೆಗೇ ತನ್ನಿ. ತೋಟದ ಹತ್ತಿರದ ಶಾಲೆಯಲ್ಲಿ ಆ ಪತ್ರ ಕೊಟ್ಟು ಮಗುವನ್ನು ತರಗತಿಯಲ್ಲಿ ಕೂರಿಸಿ. ಹೊರಡುವಾಗ ಈ ಶಾಲೆಯಿಂದ ಎಷ್ಟು ದಿನ ಬಂದಿದೆ ಎಂದು ಹಾಜರಿ ಬರೆಸಿಕೊಂಡು ಹೋಗಿ. ಪತ್ರ ತರಲು ಮರೆತಿದ್ದರೆ ಇಬ್ಬರು ಮುಖ್ಯೋಪಾಧ್ಯಾಯರು ಫೋನಿನಲ್ಲಿ ಮಾತಾಡಿದರೂ ಕೆಲಸ ಆಗುತ್ತದೆ. ಆಗದಿದ್ದರೆ ಆ ಕ್ಲಸ್ಟರಿನ (ಅಕ್ಕಪಕ್ಕದ ಶಾಲೆಗಳ ಗುಂಪು) ಸಿಆರ್‌ಪಿ, ಅಂದರೆ ಸಂಪನ್ಮೂಲ ವ್ಯಕ್ತಿಯನ್ನು ಹಿಡಿಯಿರಿ. ಶಾಲೆಶಾಲೆಗೆ ಓಡಾಡುವವರು ಅವರೇ.

ಇನ್ನೊಂದು ದಾರಿ, ಮಗುವನ್ನು ಊರಲ್ಲೇ ಅಜ್ಜಿಯ ಹತ್ತಿರ ಬಿಡುವುದು. ಅಜ್ಜಿ ಗಟ್ಟಿಯಾಗಿದ್ದರೆ ಇದೇ ಮೇಲು. ಅಜ್ಜಿಯನ್ನೇ ಮಗು ನೋಡಿಕೊಳ್ಳಬೇಕಾದ ಮನೆಯಾದರೆ ಬೇಡ.

ಅಸ್ಸಾಂ, ಜಾರ್ಖಂಡ್ ಕಡೆಯ ಮಕ್ಕಳಿಗೆ ಕನ್ನಡವೇ ಬರಲ್ಲ. ಸೇರಿಸಿ ಏನು ಪ್ರಯೋಜನ?

ಒಂದರಿಂದ ಮೂರನೇ ತರಗತಿಯವರಾದರೆ ಯೋಚನೆ ಬೇಡ. ನಲಿ-ಕಲಿಯಲ್ಲಿ ಮೂರೂ ತರಗತಿ ಒಟ್ಟಿಗೆ ಕೂತು, ಪ್ರತಿ ಮಗು ತನ್ನ ಮೆಟ್ಟಿಲಿನಿಂದ ಹತ್ತುವ ಪದ್ಧತಿ. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಕೆಲವು ಶಾಲೆಗಳಿಂದ ಶುರುವಾಗಿ ಆಮೇಲೆ ರಾಜ್ಯಕ್ಕೆಲ್ಲ ಹಬ್ಬಿತು. ಜನವರಿಯಲ್ಲಿ ಬಂದ ಮಗು ಅದರಲ್ಲಿ ಹಿಂದುಳಿದವ ಎನಿಸಿಕೊಳ್ಳುವುದಿಲ್ಲ, ಮೊದಲ ಕಾರ್ಡಿನಿಂದ ಶುರು ಮಾಡುತ್ತದೆ ಅಷ್ಟೆ. ಊಟದ ಸಾಲಿನಲ್ಲಿ, ಆಟದಲ್ಲಿ ಮೂರು ತಿಂಗಳಲ್ಲಿ ಮಾತು ಬರುತ್ತದೆ. ನಾಲ್ಕು, ಐದನೇ ತರಗತಿಗೆ ಬಂದವರಿಗೆ ನಿಜಕ್ಕೂ ಕಷ್ಟ. ಅವರಿಗೆ ವಿಶೇಷ ತರಬೇತಿ ಕೇಳಬೇಕು. ಹೊರರಾಜ್ಯದ ಮಗುವಿಗೆ ಸ್ಯಾಟ್ಸ್ ಸಂಖ್ಯೆ ಇರುವುದಿಲ್ಲ, ಇಲ್ಲಿ ಹೊಸದಾಗಿ ಮಾಡಬೇಕಾಗುತ್ತದೆ. ಇದು ಶಾಲೆಯ ಕೆಲಸ, ಪೋಷಕರನ್ನು ಅದಕ್ಕಾಗಿ ಅಲೆಸಬಾರದು.

ನಮ್ಮ ಹುಡುಗಿಗೆ ಒಂಬತ್ತು ವರ್ಷ, ಶಾಲೆ ಮುಖವನ್ನೇ ನೋಡಿಲ್ಲ. ಒಂದನೇ ತರಗತಿಗೆ ಸೇರಿಸಬೇಕಾ?

ಇಲ್ಲ. ವಯಸ್ಸಿಗೆ ತಕ್ಕ ತರಗತಿಗೆ, ಅಂದರೆ ನಾಲ್ಕನೇ ತರಗತಿಗೆ ಸೇರಿಸಬೇಕು. ಆರು ವರ್ಷದವರ ನಡುವೆ ಒಂಬತ್ತರ ಹುಡುಗಿಯನ್ನು ಕೂರಿಸಿದರೆ ನಾಚಿಕೆಯಿಂದಲೇ ಬಿಟ್ಟುಬಿಡುತ್ತಾಳೆ. ಉಳಿದವರ ಸಮಕ್ಕೆ ತರಲು ವಿಶೇಷ ತರಬೇತಿ ಕೊಡಬೇಕು; ಕನಿಷ್ಠ ಮೂರು ತಿಂಗಳು, ಅಗತ್ಯ ಬಿದ್ದರೆ ಎರಡು ವರ್ಷದವರೆಗೆ. ಹದಿನಾಲ್ಕು ದಾಟಿದರೂ ಪ್ರಾಥಮಿಕ ಶಿಕ್ಷಣ ಮುಗಿಯುವವರೆಗೆ ಉಚಿತವಾಗಿಯೇ ಓದಬಹುದು. ತಪ್ಪುವುದೆಲ್ಲಿ ಎಂದರೆ, ನಾಲ್ಕನೇ ತರಗತಿಯಲ್ಲಿ ಹೆಸರು ಬರೆದು ತರಬೇತಿ ಕೊಡದೆ ಹಿಂದಿನ ಬೆಂಚಿನಲ್ಲಿ ಕೂರಿಸುವುದು. ದಿನಕ್ಕೆ ಎಷ್ಟು ಹೊತ್ತು, ಯಾರು ಕಲಿಸುತ್ತಾರೆ ಎಂದು ಸೇರಿಸುವ ದಿನವೇ ಕೇಳಿ.

ಚಿಕ್ಕ ಮಗುವನ್ನು ನೋಡಿಕೊಳ್ಳಲು ದೊಡ್ಡವಳನ್ನು ಮನೆಯಲ್ಲಿ ಬಿಡದೆ ಬೇರೆ ದಾರಿ ಇಲ್ಲ. ಏನು ಮಾಡೋಣ?

ಈ ಪ್ರಶ್ನೆಗೆ ಉತ್ತರ ಶಾಲೆಯಲ್ಲಿ ಇಲ್ಲ, ಶಿಶುಪಾಲನೆಯಲ್ಲಿದೆ. ಮೂರು ತುಂಬಿದ ಮಗುವನ್ನು ಅಂಗನವಾಡಿಗೆ ಬಿಡಬಹುದು. ಅದಕ್ಕಿಂತ ಚಿಕ್ಕದಾದರೆ ಪಂಚಾಯಿತಿಯಲ್ಲಿ ‘ಕೂಸಿನ ಮನೆ’ ಇದೆಯಾ ವಿಚಾರಿಸಿ. ಉದ್ಯೋಗ ಖಾತರಿ ಕೆಲಸಕ್ಕೆ ಹೋಗುವ ತಾಯಂದಿರಿಗಾಗಿ ಮಾಡಿದ್ದು. ದೊಡ್ಡ ತೋಟಗಳಲ್ಲಿ ತೊಟ್ಟಿಲು ಮನೆ ನಡೆಸುವ ಹೊಣೆ 1951ರ ತೋಟ ಕಾರ್ಮಿಕರ ಕಾಯ್ದೆಯ ಕಾಲದಿಂದ ಮಾಲೀಕರ ಮೇಲಿದೆ. ಹತ್ತು ಹದಿನೈದು ಆಳಿನ ಸಣ್ಣ ಹಿಡುವಳಿಗಳಿಗೆ ಅದು ತಾಗುವುದಿಲ್ಲ, ನಮ್ಮಲ್ಲಿ ಅಂಥವೇ ಹೆಚ್ಚು. ಅಕ್ಕಪಕ್ಕದ ನಾಲ್ಕೈದು ಸಣ್ಣ ತೋಟದವರು ಸೇರಿ, ವಯಸ್ಸಾದ ಒಬ್ಬ ಹೆಂಗಸಿಗೆ ದಿನಗೂಲಿ ಕೊಟ್ಟು ಒಂದು ಲೈನ್ ಮನೆಯಲ್ಲಿ ಕೂಸುಗಳನ್ನು ನೋಡಿಕೊಳ್ಳುವ ಏರ್ಪಾಡು ಮಾಡಬಹುದು. ಖರ್ಚು ಒಂದು ಆಳಿನ ಕೂಲಿ. ನಾಲ್ಕೈದು ಹೆಣ್ಣುಮಕ್ಕಳು ಶಾಲೆಗೆ ಹೋಗುತ್ತಾರೆ.

ಬಡವರ ಮಕ್ಕಳಿಗೆ ಖಾಸಗಿ ಶಾಲೆಯಲ್ಲಿ ಆರ್‌ಟಿಇ ಸೀಟು ಸಿಗುತ್ತೆ ಅಂತಾರಲ್ಲ?

ಖಾಸಗಿ ಶಾಲೆಯ ಶೇ. 25 ಸೀಟು ಇಂಥ ಮಕ್ಕಳಿಗೆ ಎಂಬ ನಿಯಮ ಶಿಕ್ಷಣ ಹಕ್ಕು (ಆರ್‌ಟಿಇ) ಕಾಯ್ದೆಯಲ್ಲಿದೆ. ಆದರೆ ಕರ್ನಾಟಕ 2019ರಲ್ಲಿ ನಿಯಮ ಬದಲಿಸಿತು: ನೆರೆಹೊರೆಯಲ್ಲಿ ಸರ್ಕಾರಿ ಅಥವಾ ಅನುದಾನಿತ ಶಾಲೆ ಇದ್ದರೆ ಖಾಸಗಿ ಶಾಲೆಯಲ್ಲಿ ಆ ಸೀಟು ಇಲ್ಲ. ನಮ್ಮ ಹಳ್ಳಿಗಳಲ್ಲಿ ಒಂದು ಸರ್ಕಾರಿ ಶಾಲೆ ಹತ್ತಿರದಲ್ಲಿ ಇದ್ದೇ ಇರುತ್ತದೆ. ಹಾಗಾಗಿ ಇದನ್ನೇ ನಂಬಿ ಜೂನ್ ಕಳೆಯಬೇಡಿ. ಸೀಟು ಕೊಡಿಸುತ್ತೇನೆ ಎಂದು ದುಡ್ಡು ಕೇಳುವವರನ್ನಂತೂ ನಂಬಲೇಬೇಡಿ.

ಸಾಲ ಮಾಡಿಯಾದರೂ ಕಾನ್ವೆಂಟಿಗೆ ಹಾಕಬೇಕು ಅಂದುಕೊಂಡಿದ್ದೇವೆ.

ಇಂಗ್ಲಿಷ್ ಬೇಕು ಎನ್ನುವ ಆಸೆ ತಪ್ಪಲ್ಲ, ಅದನ್ನು ಹೀಗಳೆಯುವವರ ಮಕ್ಕಳೂ ಅಲ್ಲೇ ಓದುತ್ತಿರುತ್ತಾರೆ. ಲೆಕ್ಕ ಮಾತ್ರ ಪೂರ್ತಿ ಹಾಕಿ. ಫೀಸಿನ ಜೊತೆಗೆ ವ್ಯಾನು, ಪುಸ್ತಕ, ಯೂನಿಫಾರ್ಮು, ಶೂ, ವರ್ಷಕ್ಕೊಮ್ಮೆ ಡೇ ಫಂಕ್ಷನ್ನು ಎಲ್ಲ ಸೇರಿಸಿ, ಅದನ್ನು ಐದು ವರ್ಷಕ್ಕೆ ಗುಣಿಸಿ. ಮೊದಲ ವರ್ಷ ಕಟ್ಟಬಲ್ಲೆ ಎಂಬುದು ಮುಖ್ಯವಲ್ಲ, ಕಾಯಿ ಬೆಲೆ ಬಿದ್ದ ವರ್ಷ, ಶುಂಠಿ ಕೊಳೆತ ವರ್ಷ ಕಟ್ಟಬಲ್ಲೆನೇ ಎಂಬುದು ಮುಖ್ಯ. ಮೂರನೇ ತರಗತಿಯಲ್ಲಿ ಫೀಸು ಬಾಕಿ ಬಿದ್ದು ಮಗುವನ್ನು ನಡುವೆ ಬಿಡಿಸಿದರೆ, ಟಿಸಿ ಕೊಡಲ್ಲ ಎನ್ನುತ್ತಾರೆ, ಸ್ಯಾಟ್ಸ್‌ನಲ್ಲಿ ಹೆಸರು ಬಿಡುಗಡೆ ಮಾಡಲ್ಲ ಎನ್ನುತ್ತಾರೆ. ಮಗು ಎರಡು ಶಾಲೆಗಳ ನಡುವೆ ತಿಂಗಳುಗಟ್ಟಲೆ ಮನೆಯಲ್ಲಿ. ಈ ಸ್ಥಿತಿ ಬಂದರೆ ಕಾಯಬೇಡಿ: ಸರ್ಕಾರಿ ಶಾಲೆಯಲ್ಲಿ ತಕ್ಷಣ ಕೂರಿಸಿ, ಹಳೆ ಶಾಲೆಗೆ ಲಿಖಿತ ಅರ್ಜಿ ಕೊಟ್ಟು ಸ್ವೀಕೃತಿ ಪಡೆಯಿರಿ, ಅದರ ಪ್ರತಿಯನ್ನು ಬಿಇಒ (ತಾಲ್ಲೂಕಿನ ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಗೆ ಕೊಡಿ.

ಇನ್ನೂ ಒಂದು ಮಾತು ಹೇಳಲೇಬೇಕು. ದುಡ್ಡು ಒಬ್ಬರಿಗಷ್ಟೇ ಸಾಲುವ ಮನೆಯಲ್ಲಿ ಗಂಡುಹುಡುಗನನ್ನು ಕಾನ್ವೆಂಟಿಗೂ ಹುಡುಗಿಯನ್ನು ಸರ್ಕಾರಿ ಶಾಲೆಗೂ ಕಳಿಸುವುದು ನಡೆದೇ ಇದೆ. ವ್ಯಾನಿಗೆ ಕಾಯುವ ತಮ್ಮನಿಗೆ ಶೂ ಲೇಸು ಕಟ್ಟಿ, ಆಮೇಲೆ ತಾನು ನಡೆದು ಹೋಗುವ ಅಕ್ಕ ಎಲ್ಲವನ್ನೂ ನೋಡುತ್ತಿರುತ್ತಾಳೆ. ಇಬ್ಬರನ್ನೂ ಒಂದೇ ಶಾಲೆಗೆ ಕಳಿಸಿ. ಕರ್ನಾಟಕ ಪಬ್ಲಿಕ್ ಶಾಲೆ ಅಥವಾ ದ್ವಿಭಾಷಾ ಮಾಧ್ಯಮದ ಸರ್ಕಾರಿ ಶಾಲೆ ನಿಮ್ಮ ಹೋಬಳಿಯಲ್ಲಿದೆಯಾ ಎಂದು ಮೊದಲು ನೋಡಿ.

ಅನುಕೂಲಸ್ಥರೆಲ್ಲ ಬಿಟ್ಟು ಹೋದ ಊರಿನ ಶಾಲೆಗೆ ಏನಾಗುತ್ತದೆ ಎಂಬುದೂ ಗೊತ್ತಿರಲಿ. 60 ಮಕ್ಕಳವರೆಗಿನ ಕಿರಿಯ ಪ್ರಾಥಮಿಕ ಶಾಲೆಗೆ ಕಾಯ್ದೆಯ ಲೆಕ್ಕದಲ್ಲಿ ಇಬ್ಬರೇ ಶಿಕ್ಷಕರು, ಐದು ತರಗತಿಗೆ. ಒಬ್ಬರು ತರಬೇತಿಗೋ ಗಣತಿಗೋ ಹೋದ ದಿನ ಒಬ್ಬರೇ. ಉಳಿದವರು ಅತಿ ಬಡವರ ಮಕ್ಕಳು ಮಾತ್ರವಾದ್ದರಿಂದ ಕೇಳುವ ದನಿಯೂ ಕಡಿಮೆ.

ವಿದ್ಯಾರ್ಥಿವೇತನ ಬರುತ್ತಾ?

ಪರಿಶಿಷ್ಟ ಜಾತಿ, ಪಂಗಡ, ಹಿಂದುಳಿದ ವರ್ಗದ ಮಕ್ಕಳಿಗೆ ಮೆಟ್ರಿಕ್ ಪೂರ್ವ ವಿದ್ಯಾರ್ಥಿವೇತನ ಇದೆ. ಅರ್ಜಿ ಹಾಕುವುದು ಎಸ್‌ಎಸ್‌ಪಿ (ರಾಜ್ಯ ವಿದ್ಯಾರ್ಥಿವೇತನ) ಪೋರ್ಟಲ್‌ನಲ್ಲಿ. ಪ್ರಾಥಮಿಕ ಹಂತದಲ್ಲಿ ಮೊತ್ತ ಸಣ್ಣದು. ಕೇಂದ್ರದ ಅಲ್ಪಸಂಖ್ಯಾತ ವಿದ್ಯಾರ್ಥಿವೇತನವನ್ನು ಒಂದರಿಂದ ಎಂಟನೇ ತರಗತಿಯವರಿಗೆ 2022-23ರಿಂದ ನಿಲ್ಲಿಸಿದ್ದಾರೆ. ಆದಾಯ ಪ್ರಮಾಣಪತ್ರ ನಾಡಕಚೇರಿಯಲ್ಲಿ ಸಿಗುತ್ತದೆ, ಐದು ವರ್ಷ ನಡೆಯುತ್ತದೆ. ಅರ್ಜಿ ಬೀಳುವುದು ಹೆಚ್ಚಾಗಿ ಹೆಸರಿನ ಹೊಂದಾಣಿಕೆಯಲ್ಲಿ: ಆಧಾರ್‌ನಲ್ಲಿ ‘ಪುಟ್ಟಮ್ಮ’, ಸ್ಯಾಟ್ಸ್‌ನಲ್ಲಿ ‘ಪುಟ್ಟಮ್ಮ ಕೆ’. ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆ ಆಗದಿದ್ದರೂ ದುಡ್ಡು ಬಾರದು. ಜುಲೈನಲ್ಲೇ ನೋಡಿಕೊಳ್ಳಿ, ಕೊನೆಯ ವಾರ ಸರ್ವರ್ ನಂಬಬೇಡಿ.

ಶಾಲೆ ದೂರ, ದಾರಿಯಲ್ಲಿ ಆನೆ. ಕಳಿಸೋದು ಹೇಗೆ?

ಒಂದರಿಂದ ಐದನೇ ತರಗತಿಗೆ ಒಂದು ಕಿಲೋಮೀಟರ್ ಒಳಗೆ, ಆರರಿಂದ ಎಂಟಕ್ಕೆ ಮೂರು ಕಿಲೋಮೀಟರ್ ಒಳಗೆ ಶಾಲೆ ಇರಬೇಕು. ಇಲ್ಲದ ಕಡೆ ಸಾರಿಗೆ ಅಥವಾ ಕರೆದೊಯ್ಯುವವರ ಭತ್ಯೆಗೆ ಸರ್ಕಾರದ ಸಮಗ್ರ ಶಿಕ್ಷಣ ಯೋಜನೆಯಲ್ಲಿ ಅವಕಾಶವಿದೆ. ಮನೆಗಳ ಪಟ್ಟಿ, ದೂರ, ಮಕ್ಕಳ ಹೆಸರು ಬರೆದು ಎಸ್‌ಡಿಎಂಸಿ ಠರಾವಿನೊಂದಿಗೆ ಬಿಇಒಗೆ ಕೊಡಬೇಕು. ‘ದೂರ’ ಎಂದಷ್ಟೇ ಬರೆದರೆ ಕಡತ ಮುಂದೆ ಹೋಗದು. ಹಳ್ಳ ದಾಟಬೇಕೆ, ಕಾಡಂಚೇ, ಆನೆ ಓಡಾಟವಿದೆಯೇ ಎಂದು ಬಿಡಿಸಿ ಬರೆಯಿರಿ. ಸಕಲೇಶಪುರ, ಆಲೂರು, ಬೇಲೂರು ಕಡೆ ಆನೆ ಇರುವ ದಿನ ಮಕ್ಕಳು ಒಬ್ಬೊಬ್ಬರೇ ಹೋಗಕೂಡದು. ಅರಣ್ಯ ಇಲಾಖೆಯ ಎಚ್ಚರಿಕೆ ಶಿಕ್ಷಕರ ಫೋನಿಗೂ ಲೈನ್ ಮನೆಯ ಒಬ್ಬರ ಫೋನಿಗೂ ಬರುವಂತೆ ಮಾಡಿಕೊಳ್ಳಿ. ಸರ್ಕಾರಿ ಬಸ್ ಇರುವ ದಾರಿಯಾದರೆ ಹುಡುಗಿಯರಿಗೆ ಶಕ್ತಿ ಯೋಜನೆಯಲ್ಲಿ ಟಿಕೆಟ್ ಇಲ್ಲ.

ತೋಟದಲ್ಲಿ ಮಗು ಅಪ್ಪ ಅಮ್ಮನ ಜೊತೆ ಹಣ್ಣು ಬಿಡಿಸಿದರೆ ತಪ್ಪಾ? ಮಾಲೀಕರಿಗೇನು ತೊಂದರೆ?

14 ವರ್ಷದೊಳಗಿನ ಮಗುವನ್ನು ಯಾವ ಕೆಲಸಕ್ಕೂ ಇಟ್ಟುಕೊಳ್ಳುವಂತಿಲ್ಲ. 2016ರ ತಿದ್ದುಪಡಿಯ ಪ್ರಕಾರ ಶಿಕ್ಷೆ ಆರು ತಿಂಗಳಿಂದ ಎರಡು ವರ್ಷ ಜೈಲು, ಅಥವಾ 20,000ದಿಂದ 50,000 ರೂಪಾಯಿ ದಂಡ, ಅಥವಾ ಎರಡೂ. ಮನೆಯವರ ಸ್ವಂತ ಕೆಲಸಕ್ಕೆ, ಶಾಲೆ ಮುಗಿದ ಮೇಲೆ ಮಗು ನೆರವಾದರೆ ಅಡ್ಡಿಯಿಲ್ಲ ಎಂಬ ವಿನಾಯಿತಿ ಇದೆ. ಬೇರೆಯವರ ತೋಟದಲ್ಲಿ ಕೂಲಿಗೆ ಬಂದವರ ಮಗುವಿಗೆ ಅದು ಅನ್ವಯಿಸದು. ರೈಟರುಗಳು ಮಾಡಬಹುದಾದ ಸರಳ ಕೆಲಸ: ಹೊಸ ಕುಟುಂಬ ಲೈನಿಗೆ ಬಂದ ದಿನ ಆಳಿನ ಲೆಕ್ಕ ಬರೆಯುವ ಪುಸ್ತಕದಲ್ಲೇ 3ರಿಂದ 14ರ ಮಕ್ಕಳ ಹೆಸರು, ವಯಸ್ಸು ಬರೆದು, ಆ ವಾರದೊಳಗೆ ಹತ್ತಿರದ ಶಾಲೆಗೂ ಅಂಗನವಾಡಿಗೂ ತಿಳಿಸುವುದು. ಸಂಜೆ ಆಳುಗಳನ್ನು ಬಿಡುವ ಜೀಪು ಬೆಳಗ್ಗೆ ಮಕ್ಕಳನ್ನೂ ಬಿಟ್ಟು ಬಂದರೆ ದಾರಿಯ ಚಿಂತೆಯೂ ತೀರಿತು. ಮುಂಗಡ ಕೊಟ್ಟಿದ್ದೇವೆ ಎಂದು ಮಗುವಿನ ದುಡಿಮೆಯಲ್ಲಿ ಅದನ್ನು ಮುರಿದುಕೊಳ್ಳುವುದು ಜೀತಕ್ಕೆ ಸಮ, 1976ರ ಕಾನೂನು ಅದಕ್ಕೆ ಬೇರೆಯೇ ಇದೆ.

ಶಾಲೆಯವರೇ ಸೇರಿಸಿಕೊಳ್ಳಲ್ಲ ಎಂದರೆ?

ಜಗಳ ಬೇಡ. ಬಿಳಿ ಹಾಳೆಯಲ್ಲಿ ಮಗುವಿನ ಹೆಸರು, ವಯಸ್ಸು, ಯಾವ ದಿನ ಹೋಗಿದ್ದಿರಿ, ಯಾವ ಕಾರಣ ಹೇಳಿದರು ಎಂದು ನಾಲ್ಕು ಸಾಲು ಬರೆದು ಮುಖ್ಯೋಪಾಧ್ಯಾಯರಿಗೇ ಕೊಡಿ, ‘ಸ್ವೀಕರಿಸಿದೆ’ ಎಂದು ಪ್ರತಿಯ ಮೇಲೆ ಸಹಿ ಕೇಳಿ. ಬಹಳಷ್ಟು ಸಲ ಸಹಿ ಕೇಳಿದ ಕೂಡಲೇ ಹೆಸರು ಬರೆಯುತ್ತಾರೆ. ಬರೆಯದಿದ್ದರೆ ಸಿಆರ್‌ಪಿ, ಆಮೇಲೆ ತಾಲ್ಲೂಕಿನ ಬಿಇಒ, ಆಮೇಲೆ ಜಿಲ್ಲೆಯ ಉಪನಿರ್ದೇಶಕರು. ಲಿಖಿತ ದೂರನ್ನು ಸ್ಥಳೀಯ ಪ್ರಾಧಿಕಾರ ಮೂರು ತಿಂಗಳೊಳಗೆ ತೀರ್ಮಾನಿಸಬೇಕು. ಒಪ್ಪಿಗೆಯಾಗದಿದ್ದರೆ ರಾಜ್ಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗಕ್ಕೆ ಮೇಲ್ಮನವಿ. ಮಗುವನ್ನು ದುಡಿಸಿಕೊಳ್ಳುತ್ತಿದ್ದರೆ, ಹೊಡೆಯುತ್ತಿದ್ದರೆ, ಎಲ್ಲೋ ಬಿಟ್ಟುಹೋಗಿದ್ದರೆ 1098ಕ್ಕೆ ಕರೆ ಮಾಡಿ. ಹಗಲು ರಾತ್ರಿ ಎತ್ತುತ್ತಾರೆ, ದುಡ್ಡು ಹಿಡಿಯುವುದಿಲ್ಲ.